ಕಿಟ್ಟೆಲ್ ಸಾಹೇಬರೂ ಕ್ರಿಯಾಪದದ ಕಾಲವೂ

ಪರೀಕ್ಷೆಯ ದಿನಗಳು ಹತ್ತಿರವಾಗುತ್ತಿರುವಂತೆ ಪ್ರತಿವರ್ಷವೂ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಲೇಖನಗಳ ಕಟ್ಟು ಕನ್ನಡ ವಿಭಾಗದ ಮೇಜಿನ ಮೇಲೆ ಬಂದು ಕೂರುತ್ತದೆ. ಕೆಲವು ಕವನಗಳು, ಒಂದೆರಡು ಪ್ರವಾಸಕಥನಗಳು, ಕ್ರೀಡಾ ವಿಭಾಗದ ವರದಿ, ವಿದ್ಯಾರ್ಥಿ ಸಂಘದ ವರದಿ, ನಾಡಿಗೆ ಉಪಕಾರ ಮಾಡಿದ ಮಹನೀಯರೊಬ್ಬರ ಜೀವನಚಿತ್ರ—ಇಷ್ಟು ಅದರ ಸಾಮಗ್ರಿ. ಹದಿನೈದು ವರ್ಷಗಳಿಂದ ಈ ಕಟ್ಟನ್ನು ಬಿಚ್ಚಿ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಾಗುಣಿತದ ತಪ್ಪುಗಳಿಗೆ ನಾನು ಹೆದರುವುದಿಲ್ಲ. ಅವು ಎದುರಿಗೇ ನಿಂತು ತಮ್ಮನ್ನು ತೋರಿಸಿಕೊಳ್ಳುತ್ತವೆ. ನನ್ನನ್ನು ಬಹಳ ಹೊತ್ತು ಕೂರಿಸುವುದು ಕ್ರಿಯಾಪದದ ಕಾಲ. ಆಟಗಾರರ ತಂಡ ಒಂದು ವಾಕ್ಯದಲ್ಲಿ ಊರಿನಿಂದ ಹೊರಟಿತು. ಮುಂದಿನ ವಾಕ್ಯದಲ್ಲಿ ಪಂದ್ಯವನ್ನು ಗೆಲ್ಲುತ್ತದೆ. ಮೂರನೆಯದರಲ್ಲಿ ಪದಕವನ್ನು ಪಡೆಯುವುದು. ಒಂದೇ ದಿನದ ಆಟ ಮೂರು ಕಾಲಗಳಲ್ಲಿ ಹಂಚಿಹೋಗಿ, ಪದಕ ಬಂದಿದೆಯೋ ಇನ್ನು ಬರಬೇಕೋ ಎಂಬುದು ಓದುವವನಿಗೆ ತಿಳಿಯದಂತಾಗುತ್ತದೆ.

ಕಳೆದ ವರ್ಷದ ಕಟ್ಟಿನಲ್ಲಿ ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಬರೆದ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ಲರ ಜೀವನಚಿತ್ರವಿತ್ತು. ಬರಹ ಶ್ರದ್ಧೆಯಿಂದ ಕೂಡಿತ್ತು. ಸಂಗತಿಗಳೂ ಬಹುಮಟ್ಟಿಗೆ ಸರಿಯಾಗಿಯೇ ಇದ್ದವು. ಆದರೆ ಅದರಲ್ಲಿ ಕಿಟ್ಟೆಲ್ಲರು ಜರ್ಮನಿಯಲ್ಲಿ ಹುಟ್ಟುತ್ತಾರೆ, ಮಂಗಳೂರಿಗೆ ಬಂದರು, ಕನ್ನಡವನ್ನು ಕಲಿಯುವರು, ನಿಘಂಟನ್ನು ರಚಿಸಿದ್ದರು, ಕೊನೆಗೆ ತಮ್ಮ ದೇಶದಲ್ಲಿ ತೀರಿಕೊಳ್ಳುತ್ತಾರೆ. ಕನ್ನಡ ಕ್ರಿಯಾಪದದ ರೂಪಗಳನ್ನೆಲ್ಲ ಹಳಗನ್ನಡದಿಂದ ಹೊಸಗನ್ನಡದವರೆಗೆ ಒಂದೊಂದಾಗಿ ಹೆಕ್ಕಿ ಜೋಡಿಸಿಟ್ಟ ಮಹಾನುಭಾವರಿಗೇ ಈ ಗತಿ ಒದಗಿತಲ್ಲ ಎಂದು ನನಗೆ ನಗು ಬಂದಿತು. ಕೆಂಪು ಲೇಖನಿಯನ್ನು ಎತ್ತಿಕೊಂಡೆ; ಮತ್ತೆ ಕೆಳಗಿಟ್ಟೆ.

ಕೆಳಗಿಟ್ಟುದಕ್ಕೆ ಕಾರಣವಿದೆ. ಸಂಚಿಕೆಯ ಕೆಲಸ ನನಗೆ ಬಂದ ಮೊದಲ ವರ್ಷ, ಆಗಷ್ಟೇ ನಿವೃತ್ತರಾಗಿದ್ದ ಹಿರಿಯ ಅಧ್ಯಾಪಕರೊಬ್ಬರನ್ನು ಕುರಿತು ವಿದ್ಯಾರ್ಥಿಗಳು ಅಭಿಮಾನದ ಲೇಖನವೊಂದನ್ನು ಬರೆದಿದ್ದರು. ಅವರು ನನಗೂ ಗುರುಗಳು. ಆ ಲೇಖನದಲ್ಲಿ ವರ್ತಮಾನವೂ ಭೂತವೂ ಬೆರೆತಿದ್ದುವು. ಹೊಸ ಉತ್ಸಾಹದಲ್ಲಿದ್ದ ನಾನು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಭೂತಕಾಲಕ್ಕೆ ತಿರುಗಿಸಿ, ಲೇಖನ ಒಂದು ಹದಕ್ಕೆ ಬಂದಿತೆಂದು ತೃಪ್ತಿಪಟ್ಟೆ. ಅಚ್ಚಾಗಿ ಬಂದ ಸಂಚಿಕೆಯಲ್ಲಿ ಗುರುಗಳು ಸರಳ ಸ್ವಭಾವದವರಾಗಿದ್ದರು. ಹೂವಿನ ಗಿಡಗಳನ್ನು ಬಹಳವಾಗಿ ಪ್ರೀತಿಸುತ್ತಿದ್ದರು. ವಿದ್ಯಾರ್ಥಿಗಳೆಂದರೆ ಅವರಿಗೆ ಪ್ರಾಣವಾಗಿತ್ತು. ಸಂಚಿಕೆಯನ್ನು ಕೊಡಲು ನಾನೇ ಅವರ ಮನೆಗೆ ಹೋಗಿದ್ದೆ. ಅವರು ಓದಿ ಮುಗಿಸಿ, ತಾವು ಗಿಡಗಳನ್ನು ಪ್ರೀತಿಸುವುದನ್ನು ಯಾವಾಗ ಬಿಟ್ಟರೆಂಬುದು ತಮಗೇ ತಿಳಿಯಲಿಲ್ಲವೆಂದೂ, ವೈಕುಂಠ ಸಮಾರಾಧನೆಯ ಕಾಗದವನ್ನೂ ಅದೇ ಅಚ್ಚುಮನೆಯಲ್ಲಿ ಹಾಕಿಸಬಹುದೆಂದೂ ನಗುತ್ತ ನುಡಿದರು. ಒಳಬಾಗಿಲಿನಲ್ಲಿ ನಿಂತು ಕೇಳುತ್ತಿದ್ದ ಅವರ ಮನೆಯಾಕೆ ನಗಲಿಲ್ಲ. ವ್ಯಾಕರಣದ ತಪ್ಪು ಮನುಷ್ಯರ ಮನೆಯೊಳಕ್ಕೂ ಹೋಗಬಲ್ಲದೆಂಬುದನ್ನು ನಾನು ಅಂದು ಕಂಡುಕೊಂಡೆ. ಅಂದಿನಿಂದ ಕಾಲವನ್ನು ತಿದ್ದುವ ಮೊದಲು ಬರೆದವರನ್ನು ಕರೆದು ಕೂರಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಹೀಗಾಗಿ ಆ ವಿದ್ಯಾರ್ಥಿನಿಯನ್ನು ಕರೆಸಿ, ಇಬ್ಬರೂ ಸೇರಿ ಕಿಟ್ಟೆಲ್ಲರ ಬಾಳನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿಕೊಂಡೆವು.

ಕಿಟ್ಟೆಲ್ಲರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಕ್ರೈಸ್ತ ಗುರುಗಳು. ಹುಟ್ಟುತ್ತಾರೆ ಎಂದು ಏಕೆ ಬರೆದೆಯೆಂದು ಕೇಳಿದುದಕ್ಕೆ, ಎಲ್ಲ ಕಡೆಯೂ ಹಾಗೆಯೇ ಇರುತ್ತದೆಂಬ ಉತ್ತರ ಬಂದಿತು. ಆ ಮಾತಿನಲ್ಲಿ ಸುಳ್ಳಿಲ್ಲ. ಹಿಂದಿನ ಘಟನೆಯನ್ನು ಕಣ್ಣೆದುರಿಗೆ ತಂದು ನಿಲ್ಲಿಸಬೇಕೆಂದು ವರ್ತಮಾನದಲ್ಲಿ ಹೇಳುವ ಪದ್ಧತಿ ಇಂಗ್ಲಿಷಿನಲ್ಲಿಯೂ ಇದೆ, ನಮ್ಮ ಹರಿಕಥೆಯ ದಾಸರಲ್ಲಿಯೂ ಇದೆ. ಆದರೆ ದಾಸರು ಕಥೆಯನ್ನೆಲ್ಲ ಭೂತದಲ್ಲಿ ನಡೆಸಿಕೊಂಡು ಬಂದು, ಹನುಮಂತ ಕಡಲನ್ನು ಹಾರುವ ಒಂದು ಗಳಿಗೆಯಲ್ಲಿ ಮಾತ್ರ ವರ್ತಮಾನಕ್ಕೆ ಹಾರುತ್ತಾರೆ. ಹಾರಿ ಮತ್ತೆ ನೆಲಕ್ಕೆ ಇಳಿಯುತ್ತಾರೆ. ಹುಟ್ಟಿದ ಊರನ್ನೂ ವರ್ಷವನ್ನೂ ತಿಳಿಸುವ ವಾಕ್ಯದಲ್ಲಿ ಅಂತಹ ಹಾರಾಟಕ್ಕೆ ಎಡೆಯಿಲ್ಲ. ಜೀವನಚರಿತ್ರೆಗೆ ನೆಲ ಭೂತಕಾಲ. ಕಾರಣವಿದ್ದಾಗ ಆ ನೆಲವನ್ನು ಬಿಡಬಹುದು. ಬಿಟ್ಟುದೇಕೆಂಬುದು ಬರೆಯುವವರಿಗೆ ಗೊತ್ತಿರಬೇಕು, ಅಷ್ಟೆ.

ಬಾಲಕ ಫರ್ಡಿನೆಂಡರಿಗೆ ಭಾಷೆಗಳಲ್ಲಿ ಆಸಕ್ತಿಯಿತ್ತು. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಮಿಷನ್ ವಿದ್ಯಾಲಯವನ್ನು ಸೇರಿ ಅಲ್ಲಿ ತರಬೇತಿಯನ್ನು ಪಡೆದು 1853ರಲ್ಲಿ ಅವರು ಭಾರತಕ್ಕೆ ಬಂದರು. ಆಗ ಅವರಿಗೆ ವಯಸ್ಸು ಇಪ್ಪತ್ತೊಂದು. ಹೆಚ್ಚುಕಡಿಮೆ ನಮ್ಮ ವಿದ್ಯಾರ್ಥಿನಿಯ ವಯಸ್ಸೇ. ಸೇರಿ, ಪಡೆದು, ಬಂದರು—ಈ ವಾಕ್ಯದ ಕಟ್ಟನ್ನು ಅವಳಿಗೆ ತೋರಿಸಿದೆ. ಕನ್ನಡದ ವಾಕ್ಯದಲ್ಲಿ ಎಷ್ಟೇ ಕೆಲಸಗಳಿದ್ದರೂ ಕಾಲದ ಮುದ್ರೆ ಬೀಳುವುದು ಕೊನೆಯ ಕ್ರಿಯೆಯೊಂದರ ಮೇಲೆ. ಮುಂದಿನವು ಕೃದಂತಾವ್ಯಯಗಳಾಗಿ ಕೈಹಿಡಿದುಕೊಂಡು ಆ ಸಮಾಪಕ ಕ್ರಿಯೆಯ ಹಿಂದೆ ನಡೆಯುತ್ತವೆ. ವಾಕ್ಯಗಳನ್ನು ತುಂಡು ತುಂಡು ಮಾಡಿ ಸೇರಿದರು, ಪಡೆಯುತ್ತಾರೆ, ಬರುವರು ಎಂದು ಬರೆದಾಗ ಮೂರು ಬಾಗಿಲುಗಳನ್ನು ಕಾಯಬೇಕಾಗುತ್ತದೆ. ಕನ್ನಡದ ಸಹಜವಾದ ಕಟ್ಟಿನಲ್ಲಿ ಒಂದು ಬಾಗಿಲನ್ನು ಕಾಯ್ದರೆ ಸಾಕು.

ಕಿಟ್ಟೆಲ್ಲರು ಬರುವ ಹೊತ್ತಿಗೆ ಬಾಸೆಲ್ ಮಿಷನ್ನಿನ ಕೆಲಸ ಕರಾವಳಿಯಲ್ಲಿ ಬೇರೂರಿತ್ತು. ಕನ್ನಡದ ಮೊದಲ ಪತ್ರಿಕೆಯೆಂದು ಹೆಸರಾದ ಮಂಗಳೂರು ಸಮಾಚಾರವನ್ನು ಹೆರ್ಮನ್ ಮೋಗ್ಲಿಂಗ್ 1843ರಲ್ಲಿಯೇ ಹೊರಡಿಸಿದ್ದರು. ಹಳೆಯ ಕಾವ್ಯಗಳನ್ನು ಅಚ್ಚುಮಾಡಿಸುವ ಕಾರ್ಯವನ್ನೂ ಅವರು ಕೈಕೊಂಡಿದ್ದರು. ಹೊರಡಿಸಿದ್ದರು, ಕೈಕೊಂಡಿದ್ದರು ಎಂಬ ರೂಪಗಳಿಗೆ ಇದು ಸರಿಯಾದ ಸ್ಥಳ. ಕಥೆಯ ಭೂತಕಾಲಕ್ಕಿಂತಲೂ ಹಿಂದೆ ನಡೆದುದನ್ನು ಸೂಚಿಸುವುದು ಆ ರೂಪದ ಕೆಲಸ. ವಿದ್ಯಾರ್ಥಿನಿ ನಿಘಂಟನ್ನು ರಚಿಸಿದ್ದರು ಎಂದು ಬರೆದು ನಿಲ್ಲಿಸಿದ್ದಳು. ರಚಿಸಿದ್ದರು ಎಂದೊಡನೆ ಓದುಗನ ಮನಸ್ಸು ಅನಂತರ ಏನಾಯಿತೆಂದು ಕಾಯುತ್ತದೆ. ಏನೂ ಬಾರದಿದ್ದರೆ ಅವನು ಎಡವಿದಂತಾಗುತ್ತದೆ.

ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕಿಟ್ಟೆಲ್ಲರು ಕೆಲಸ ಮಾಡಿದರು. ಬಂದುದು ಧರ್ಮಪ್ರಚಾರಕ್ಕಾಗಿ, ಆ ಉದ್ದೇಶವನ್ನು ಅವರು ಎಂದೂ ಬಿಟ್ಟವರಲ್ಲ. ಆದರೆ ಜನರ ನುಡಿಯನ್ನು ತಿಳಿಯದೆ ಜನರನ್ನು ತಿಳಿಯಲಾಗದೆಂಬ ದಾರಿಯನ್ನು ಹಿಡಿದವರು, ಹೋಗುತ್ತ ಹೋಗುತ್ತ ಭಾಷೆಗೇ ಒಲಿದುಬಿಟ್ಟರು. ಆಡುಮಾತನ್ನು ಕೇಳುತ್ತಿದ್ದರು, ಗಾದೆಗಳನ್ನು ಬರೆದುಕೊಳ್ಳುತ್ತಿದ್ದರು, ಓಲೆಗರಿಯ ಪ್ರತಿಗಳನ್ನು ಹುಡುಕಿಸುತ್ತಿದ್ದರು, ನಾಡಿನ ಪಂಡಿತರ ನೆರವಿನಿಂದ ಹಳಗನ್ನಡವನ್ನು ಓದುತ್ತಿದ್ದರು. ಇಲ್ಲಿ ವಿದ್ಯಾರ್ಥಿನಿ ಕೇಳುವರು, ಬರೆದುಕೊಳ್ಳುವರು ಎಂದು ಹಾಕಿದ್ದಳು. ಅದನ್ನು ಪೂರ್ತಿ ತಪ್ಪೆನ್ನಲು ನನ್ನ ಬಾಯಿ ಬರಲಿಲ್ಲ. ನಮ್ಮಲ್ಲಿ ಭವಿಷ್ಯತ್ತಿನ ರೂಪ ವಾಡಿಕೆಯನ್ನೂ ಸೂಚಿಸುತ್ತದೆ. ಸೂರ್ಯನು ಪೂರ್ವದಲ್ಲಿ ಹುಟ್ಟುವನೆಂದರೆ ನಾಳೆಯ ಮಾತು ಮಾತ್ರವಲ್ಲ, ಎಂದೆಂದಿನ ಮಾತು. ಆದರೆ ಮುಗಿದುಹೋದ ಬಾಳಿನ ವಾಡಿಕೆಯನ್ನು ಹೇಳುವಾಗ ‘ಉತ್ತಿದ್ದರು’ ಎಂಬುದೇ ಮೇಲು. ಅದರಲ್ಲಿ ಕೆಲಸ ದಿನದಿನವೂ ನಡೆದುದೂ ಇದೆ, ಆ ದಿನಗಳು ಈಗ ಇಲ್ಲವೆಂಬುದೂ ಇದೆ.

1860ರಲ್ಲಿ ಅವರ ಮದುವೆಯಾಯಿತು. ಎರಡು ವರ್ಷಗಳ ಮೇಲೆ, 1862ರಲ್ಲಿ, ಏಸುಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳುವ ಕಥಾಮಾಲೆ ಎಂಬ ಅವರ ಗ್ರಂಥ ಹೊರಬಂದಿತು. ಹೊರನಾಡಿನವರೊಬ್ಬರು ಹತ್ತು ವರ್ಷ ತುಂಬುವುದರೊಳಗಾಗಿ ಕನ್ನಡ ಛಂದಸ್ಸಿನ ಹಿಡಿತವನ್ನು ಸಾಧಿಸಿಕೊಂಡುದು ಸಾಮಾನ್ಯವಲ್ಲ. ಆದರೆ ಗೃಹಸೌಖ್ಯ ಬಹುಕಾಲ ನಿಲ್ಲಲಿಲ್ಲ. ಮದುವೆಯಾದ ಕೆಲವೇ ವರ್ಷಗಳಲ್ಲಿ ಪತ್ನಿ ತೀರಿಕೊಂಡರು. ಮುಂದೆ ಆಕೆಯ ತಂಗಿಯನ್ನು ಕಿಟ್ಟೆಲ್ಲರು ವರಿಸಿದರು. ವಿದ್ಯಾರ್ಥಿನಿಯ ಬರಹದಲ್ಲಿ ಪತ್ನಿ ತೀರಿಕೊಳ್ಳುತ್ತಾರೆ ಎಂದಿತ್ತು. ಇದನ್ನು ಓದಿದಾಗ ಮಾತ್ರ ಅವಳೇ ತಲೆಯೆತ್ತಿ, ಇದು ಬೇಡವೆಂದಳು. ಸಾವನ್ನು ವರ್ತಮಾನದಲ್ಲಿ ಬರೆದರೆ ಓದಿದಷ್ಟು ಸಲವೂ ಆಕೆ ಸಾಯಬೇಕಾಗುತ್ತದೆ. ಭೂತಕಾಲ ಕೆಲವೊಮ್ಮೆ ದಯೆಯ ಕಾಲವೂ ಹೌದು. ಆದುದು ಆಯಿತೆಂದು ಅದು ಬಾಗಿಲನ್ನು ಮೆಲ್ಲನೆ ಮುಚ್ಚುತ್ತದೆ.

ಮುಂದಿನ ಹದಿನೈದು ವರ್ಷಗಳಲ್ಲಿ ಕಿಟ್ಟೆಲ್ಲರ ವಿದ್ವತ್ತು ಹೂಬಿಟ್ಟಿತು. 1872ರಲ್ಲಿ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ, ಅದರ ಮುನ್ನುಡಿಯ ರೂಪದಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕುರಿತ ಪ್ರಬಂಧವೊಂದನ್ನು ಸೇರಿಸಿದರು. ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಲೇಖನಗಳನ್ನು ಬರೆದರು. ಅವುಗಳಲ್ಲಿ ಒಂದು ನಮ್ಮ ಹರಿದಾಸರನ್ನು ಕುರಿತದ್ದು. ವೈದಿಕ ಯಜ್ಞವನ್ನೂ ಲಿಂಗಪೂಜೆಯ ಮೂಲವನ್ನೂ ಕುರಿತು ಅವರು ಬರೆದುದು ಮಿಷನರಿಯ ದೃಷ್ಟಿಯಿಂದ. ಅದನ್ನೂ ಮರೆಮಾಚದೆ ಹೇಳಬೇಕೆಂದು ವಿದ್ಯಾರ್ಥಿನಿಗೆ ತಿಳಿಸಿದೆ. ಸತ್ತವರನ್ನು ದೇವರ ಪಟವನ್ನಾಗಿ ಮಾಡಿ ಗೋಡೆಗೆ ತೂಗುಹಾಕುವುದು ಜೀವನಚರಿತ್ರೆಯ ಕೆಲಸವಲ್ಲ.

ಶಬ್ದಮಣಿದರ್ಪಣದ ಪ್ರಸ್ತಾಪ ಬಂದಾಗ ನಮ್ಮ ಚರ್ಚೆ ತುಸು ನಿಂತಿತು. ಹದಿಮೂರನೆಯ ಶತಮಾನದ ಕೇಶಿರಾಜನು ಕ್ರಿಯಾಪದಕ್ಕೆ ಭೂತದಲ್ಲಿ ದಕಾರವನ್ನೂ ಭವಿಷ್ಯತ್ತಿನಲ್ಲಿ ವಕಾರವನ್ನೂ ವರ್ತಮಾನದಲ್ಲಿ ‘ದಪ’ ಎಂಬುದನ್ನೂ ವಿಧಿಸುತ್ತಾನೆ. ಹಳಗನ್ನಡದಲ್ಲಿ ಮಾಡಿದಂ ಎಂದರೆ ಮಾಡಿದನು. ಮಾಳ್ಪಂ ಎಂದರೆ ಮಾಡುವನು. ಮಾಡಿದಪಂ ಎಂದರೆ ಮಾಡುತ್ತಾನೆ. ಕಾಲದ ಮೇಲೆ ಸತ್ತವರಿಗೆಲ್ಲ ಭೂತವೆಂದು ನಾನು ಹೇಳಿದುದನ್ನು ಕೇಳಿಕೊಂಡಿದ್ದ ಹುಡುಗಿ ಕೂಡಲೇ ನನ್ನನ್ನು ಹಿಡಿದಳು. ಕೇಶಿರಾಜನು ಏಳುನೂರು ವರ್ಷಗಳ ಹಿಂದಿನವನು. ಅವನು ಮಾತ್ರ ವಿಧಿಸುತ್ತಾನೆ ಹೇಗೆ? ಅವಳ ಪ್ರಶ್ನೆ ನ್ಯಾಯವಾದದ್ದು. ಕೇಶಿರಾಜನು ಗ್ರಂಥವನ್ನು ಬರೆದನು. ಆ ಕೆಲಸ ಒಂದು ದಿನ ಮುಗಿಯಿತು. ಆದರೆ ಗ್ರಂಥವನ್ನು ತೆರೆದವರಿಗೆ ಸೂತ್ರ ಇಂದೂ ವಿಧಿಸುತ್ತಿದೆ. ಮನುಷ್ಯನ ನಡತೆಗೆ ಭೂತ, ಅವನ ಗ್ರಂಥದ ನಡತೆಗೆ ವರ್ತಮಾನ. ಇದು ಗೊಂದಲವಲ್ಲ, ವಿವೇಕ. ಕಾಲವನ್ನು ಒಂದೇ ಸಮನಾಗಿ ಇಡುವುದೆಂದರೆ ಎಲ್ಲ ಕ್ರಿಯಾಪದಗಳಿಗೂ ಒಂದೇ ಬಾಲವನ್ನು ಕಟ್ಟುವುದಲ್ಲ. ಒಂದು ಜಾತಿಯ ಸಂಗತಿಗೆ ಮೊದಲ ಪುಟದಲ್ಲಿ ಯಾವ ಕಾಲವನ್ನು ಕೊಟ್ಟೆವೋ ಕೊನೆಯ ಪುಟದಲ್ಲಿಯೂ ಅದನ್ನೇ ಕೊಡುವುದು. ಗುರುಗಳ ವಿಷಯದಲ್ಲಿ ನಾನು ಮಾಡಿದ ತಪ್ಪು ಇದೇ. ಅವರು ಪಾಠ ಹೇಳುವ ಕೆಲಸ ನಿವೃತ್ತಿಯಿಂದ ಮುಗಿದಿತ್ತು, ಅದಕ್ಕೆ ಭೂತ ಸಲ್ಲುತ್ತಿತ್ತು. ಗಿಡಗಳ ಮೇಲಿನ ಪ್ರೀತಿ ಮುಗಿದಿರಲಿಲ್ಲ. ಎರಡನ್ನೂ ನಾನು ಒಂದೇ ಕತ್ತರಿಯಿಂದ ಕತ್ತರಿಸಿದ್ದೆ.

ಈ ಅರಿವಿನಿಂದ ನಿಘಂಟಿನ ಭಾಗವನ್ನು ಮತ್ತೆ ಓದಿದೆವು. ಕಿಟ್ಟೆಲ್ಲರು ಸುಮಾರು ಎರಡು ದಶಕಗಳ ಕಾಲ ಕನ್ನಡ-ಇಂಗ್ಲಿಷ್ ಕೋಶಕ್ಕಾಗಿ ದುಡಿದರು. ಅದಕ್ಕೆ ಮುಂಚೆ ರೀವ್ ಸಾಹೇಬರ ಕೋಶವಿತ್ತು. ಆದರೆ ಕಾವ್ಯಭಾಷೆಯನ್ನೂ ಊರಿನ ಮಾತನ್ನೂ ಒಟ್ಟಿಗೆ ಹಿಡಿಯುವ ಕೋಶ ಇರಲಿಲ್ಲ. ನಡುವೆ ಕೆಲವು ವರ್ಷ ಜರ್ಮನಿಗೆ ಹೋಗಿದ್ದ ಕಿಟ್ಟೆಲ್ಲರು ಕೋಶದ ಸಲುವಾಗಿ ಮತ್ತೆ ಈ ನಾಡಿಗೆ ಬಂದರು. 1892ರಲ್ಲಿ ಅವರು ಭಾರತವನ್ನು ಕೊನೆಯ ಬಾರಿಗೆ ಬಿಟ್ಟರು. ಎರಡು ವರ್ಷಗಳ ಮೇಲೆ, 1894ರಲ್ಲಿ, ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣದಲ್ಲಿ ಪ್ರಕಟವಾಯಿತು. 1,700ಕ್ಕೂ ಮಿಕ್ಕ ಪುಟಗಳು, ಸುಮಾರು 70,000 ಪದಗಳು. ಗ್ರಂಥ ಕನ್ನಡ ನಾಡಿನಲ್ಲಿ ಜನರ ಕೈಗೆ ಬಂದಾಗ ಅದನ್ನು ರಚಿಸಿದವರು ಸಾವಿರಾರು ಮೈಲಿ ದೂರದಲ್ಲಿದ್ದರು.

ಇಲ್ಲಿಯವರೆಗೆ ಎಲ್ಲವೂ ಭೂತ. ಇಲ್ಲಿಂದ ಮುಂದೆ, ನಿಘಂಟು ಮಾಡುವ ಕೆಲಸವನ್ನು ಹೇಳುವಲ್ಲಿ, ವರ್ತಮಾನವನ್ನು ಉಳಿಸಿಕೊಂಡೆವು. ಕೋಶ ಪದವನ್ನು ಮೊದಲು ಕನ್ನಡ ಲಿಪಿಯಲ್ಲಿ ಕೊಡುತ್ತದೆ. ರೋಮನ್ ಲಿಪಿಯಲ್ಲಿ ಅದರ ಉಚ್ಚಾರವನ್ನು ತಿಳಿಸುತ್ತದೆ. ಇಂಗ್ಲಿಷಿನಲ್ಲಿ ಅರ್ಥವನ್ನು ಬಿಡಿಸುತ್ತದೆ. ಸಂಸ್ಕೃತದಿಂದ ಬಂದು ರೂಪ ಬದಲಿಸಿಕೊಂಡ ತದ್ಭವಗಳನ್ನು ಗುರುತಿಸುತ್ತದೆ. ತಮಿಳು, ತೆಲುಗು, ಮಲೆಯಾಳ, ತುಳುಗಳ ಸೋದರ ಪದಗಳನ್ನು ಪಕ್ಕಕ್ಕೆ ಕರೆದು ನಿಲ್ಲಿಸುತ್ತದೆ. ಕವಿಯ ಪ್ರಯೋಗದ ಬಳಿಯಲ್ಲಿಯೇ ಅಡುಗೆಮನೆಯ ಗಾದೆಯನ್ನು ಇಡಲು ಅದಕ್ಕೆ ಸಂಕೋಚವಿಲ್ಲ. ಆಡುವವರ ಬಾಯಿಂದ ಎಂದೋ ಮರೆಯಾದ ರಳದ ಅಕ್ಷರಕ್ಕೂ ಅಲ್ಲಿ ಜಾಗವಿದೆ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಕೋಶವನ್ನು ಮದರಾಸು ವಿಶ್ವವಿದ್ಯಾನಿಲಯ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಲ್ಲಿ ಮೊದಲಾಗಿ 1995ರಲ್ಲಿ ಪೂರ್ಣವಾಯಿತು. ಆದರೂ ಹಳೆಯ ಪದವೊಂದು ತೊಡಕು ಕೊಟ್ಟಾಗ ನನ್ನಂತಹ ಅಧ್ಯಾಪಕರ ಕೈ ಕಿಟ್ಟೆಲ್ಲರ ಕಡೆಗೂ ಹೋಗುತ್ತದೆ. ಹೋಗುತ್ತದೆ ಎಂಬುದು ಇಲ್ಲಿ ತಪ್ಪಲ್ಲ.

ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 1896ರಲ್ಲಿ ಕಿಟ್ಟೆಲ್ಲರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ಅರವತ್ತು ದಾಟಿದ ಅವರಿಗೆ ಅಷ್ಟಕ್ಕೆ ವಿಶ್ರಾಂತಿಯನ್ನು ಪಡೆಯುವ ಹಕ್ಕಿತ್ತು, ಅವರು ಪಡೆಯಲಿಲ್ಲ. ಕನ್ನಡ ಮಾತು ಕಿವಿಗೆ ಬೀಳದ ಊರಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವೊಂದನ್ನು ಬರೆದರು. ಪ್ರಾಚೀನ, ಮಧ್ಯಕಾಲೀನ, ಆಧುನಿಕವೆಂಬ ಮೂರು ಅವಸ್ಥೆಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡುವ ಆ ಗ್ರಂಥ 1903ರಲ್ಲಿ ಪ್ರಕಟವಾಯಿತು. ಕೇಶಿರಾಜನ ‘ದಪ’ ಹೇಗೆ ಹಿಂದೆ ಸರಿದು ನಮ್ಮ ‘ಉತ್ತಾನೆ’ ಮುಂದೆ ಬಂದಿತೆಂಬುದನ್ನು ಕಾಣಬೇಕಾದರೆ ಅದರ ಕ್ರಿಯಾಪ್ರಕರಣವನ್ನು ತಿರುವಿಹಾಕಬೇಕು. ಮಾಡಿಯಾನು, ಬಂದಾನು ಎಂದು ನಾವು ಅನುಮಾನದಿಂದ ನುಡಿಯುವ ಸಂಭಾವನಾರೂಪಕ್ಕೂ ಅಲ್ಲಿ ಸಲ್ಲಬೇಕಾದ ಮನ್ನಣೆ ಸಂದಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟ್ಟೆಲ್ಲರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಅವರಿಗೆ ಎಪ್ಪತ್ತೊಂದು ವರ್ಷ. ಕ್ರಿಯಾಪದದ ಕಾಲಗಳನ್ನು ಕೊನೆಯವರೆಗೂ ಎಣಿಸುತ್ತಿದ್ದವರಿಗೆ ಕಾಲ ಬಂದಿತ್ತು.

ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಇವು ವರ್ತಮಾನದ ಸಂಗತಿಗಳು. ಹೀಗೆ ಲೇಖನ ಒಂದು ನೆಲೆಗೆ ಬಂದಿತು. ನೋಡಿದರೆ, ವಿದ್ಯಾರ್ಥಿನಿಯ ಮೊದಲ ಪ್ರತಿಯಲ್ಲಿ ನಿಘಂಟನ್ನು ಕುರಿತ ಪುಟವೊಂದರಲ್ಲಿ ಮಾತ್ರ ಕಾಲದ ಗೊಂದಲ ಬಹಳ ಕಡಿಮೆಯಿತ್ತು. ಅದೆಲ್ಲ ವರ್ತಮಾನದಲ್ಲಿಯೇ ಇತ್ತು. ಉಳಿದ ಪುಟಗಳನ್ನು ಅವಳು ಅಲ್ಲಿ ಇಲ್ಲಿ ಓದಿದ ಪುಸ್ತಕಗಳಿಂದ ಆಯ್ದುಕೊಂಡಿದ್ದಳು. ಆ ಪುಸ್ತಕಗಳ ಕಾಲಗಳೂ ಸಂಗತಿಗಳ ಜೊತೆಯಲ್ಲಿಯೇ ಬಂದು ಸೇರಿಕೊಂಡಿದ್ದವು. ನಿಘಂಟಿನ ಪುಟ ಮಾತ್ರ ಅವಳ ಸ್ವಂತದ್ದು. ಸಂಜೆ ಬಸ್ಸು ಬರುವವರೆಗೆ ಗ್ರಂಥಾಲಯದಲ್ಲಿ ಕುಳಿತು ಕಿಟ್ಟೆಲ್ ಕೋಶವನ್ನು ತೆರೆದು ತನ್ನ ಅಜ್ಜಿಯ ಮಾತುಗಳು ಅದರಲ್ಲಿವೆಯೇ ಎಂದು ಹುಡುಕುತ್ತಿದ್ದಳಂತೆ. ತನಗೆ ತಿಳಿದುದನ್ನು ಬರೆಯುವವರಿಗೆ ಕಾಲ ಅಷ್ಟಾಗಿ ತಪ್ಪುವುದಿಲ್ಲ. ಕೇಳಿದುದನ್ನು ಜೋಡಿಸುವವರಿಗೆ ತಪ್ಪುತ್ತದೆ. ಹದಿನೈದು ವರ್ಷ ತಿದ್ದಿದ ಮೇಲೆ ನನಗೆ ಇದು ಹೊಳೆಯಿತು.

ಏಳುವ ಮೊದಲು ಅವಳು ಇನ್ನೊಂದು ಮಾತು ಕೇಳಿದಳು. ಗ್ರಂಥಾಲಯದ ಪ್ರತಿಯಲ್ಲಿ, ಪುಟಗಳ ಅಂಚಿನಲ್ಲಿ, ಸೀಸದಕಡ್ಡಿಯಿಂದ ಯಾರೋ ಸಣ್ಣ ಅಕ್ಷರಗಳಲ್ಲಿ ನಮ್ಮ ಕಡೆಯ ಮಾತುಗಳನ್ನು ಬರೆದಿದ್ದಾರೆ, ಅವು ಯಾರವು? ಆ ಅಕ್ಷರಗಳನ್ನು ನಾನು ಬಲ್ಲೆ. ಗ್ರಂಥಾಲಯದ ಪುಸ್ತಕದಲ್ಲಿ ಗೀಚಬಾರದೆಂದು ನಮಗೆಲ್ಲ ಹೇಳುತ್ತಿದ್ದ ಗುರುಗಳು, ಈ ಒಂದು ಪುಸ್ತಕದಲ್ಲಿ ಮಾತ್ರ, ಕೋಶದಲ್ಲಿ ಕಾಣದ ಊರಿನ ಪದವೊಂದು ಸಿಕ್ಕಾಗಲೆಲ್ಲ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ನಾನು ಅವರನ್ನು ಅಚ್ಚಿನಲ್ಲಿ ಭೂತಕಾಲಕ್ಕೆ ಸೇರಿಸಿದ ಆರು ವರ್ಷಗಳ ಮೇಲೆ ಅವರು ನಿಜವಾಗಿಯೇ ತೀರಿಕೊಂಡರು. ಆ ವರ್ಷದ ಸಂಚಿಕೆಗೆ ಶ್ರದ್ಧಾಂಜಲಿಯನ್ನು ಬರೆಯಲು ಕುಳಿತಾಗ, ಹಿಂದೆ ತಪ್ಪಾಗಿದ್ದ ಕ್ರಿಯಾಪದಗಳೆಲ್ಲ ಈಗ ಸರಿಯಾಗಿದ್ದುವು; ಗಿಡಗಳನ್ನು ಪ್ರೀತಿಸುತ್ತಿದ್ದರು ಎಂದು ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ನನ್ನ ಕೈ ಮಾತ್ರ ಮುಂದೆ ಹೋಗಲಿಲ್ಲ. ಆ ಒಂದು ವಾಕ್ಯವನ್ನು ಬಿಟ್ಟು ಉಳಿದುದನ್ನು ಬರೆದುಕೊಟ್ಟೆ. ಗುರುಪತ್ನಿಯವರು ಅದನ್ನು ಓದಿದರೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಹಳಗನ್ನಡದ ನಿಷೇಧರೂಪಕ್ಕೆ ಕಾಲವಿಲ್ಲವೆಂದು ವ್ಯಾಕರಣವನ್ನು ಓದಿದವರೆಲ್ಲ ಬಲ್ಲರು. ಮಾಡಂ, ಬಾರಂ, ಅರಿಯಂ—ಇವು ನಿನ್ನೆಗೂ ಇಂದಿಗೂ ನಾಳೆಗೂ ಒಂದೇ ಸಮನಾಗಿ ಸಲ್ಲುತ್ತವೆ. ಹೊಸಗನ್ನಡದಲ್ಲಿ ನಾವು ಬರಲಿಲ್ಲ, ಬರುವುದಿಲ್ಲ ಎಂದು ಬೇರೆ ಮಾಡಿಕೊಂಡಿದ್ದೇವೆ. ಹಳೆಯ ರೂಪ ಬಾರನು, ಅರಿಯನು, ಅಳಿಯನು ಎಂಬಂತಹ ಕೆಲವು ಮಾತುಗಳಲ್ಲಿ ಉಳಿದುಕೊಂಡಿದೆ. ಇದನ್ನು ನಾನು ಪಾಠದ ನಡುವೆ ಹೇಳಿದ್ದೆನಾದರೂ ಅವಳು ನೆನಪಿಟ್ಟುಕೊಂಡಿರುವಳೆಂದು ಎಣಿಸಿರಲಿಲ್ಲ. ಎರಡು ದಿನಗಳ ಮೇಲೆ ಅವಳು ಶುದ್ಧಪ್ರತಿಯನ್ನು ತಂದುಕೊಟ್ಟಳು. ಹುಟ್ಟಿದರು, ಬಂದರು, ದುಡಿದರು, ತೀರಿಕೊಂಡರು ಎಂದು ಬಾಳು ಸಾಲಾಗಿ ನಡೆದಿತ್ತು. ನಿಘಂಟು ಮಾತ್ರ ಅರ್ಥವನ್ನು ಹೇಳುತ್ತಲೇ ಇತ್ತು. ಕೊನೆಯಲ್ಲಿ, ಕೋಶವನ್ನು ಮಾಡಿದವರನ್ನೂ ಅದರ ಅಂಚಿನಲ್ಲಿ ಬರೆದವರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ, ಕನ್ನಡದ ಮಾತು ಇರುವವರೆಗೆ ಇಬ್ಬರೂ ಅಳಿಯರು ಎಂದು ಮುಗಿಸಿದ್ದಳು.

ಕೆಂಪು ಲೇಖನಿ ಕೈಯಲ್ಲಿತ್ತು. ತಿದ್ದಲು ಏನೂ ಇರಲಿಲ್ಲ.